ಊಟ ಸಂಬಳವಲ್ಲ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಅರ್ಥಶಾಸ್ತ್ರದ ಒಂದು ನಿಯಮವನ್ನು ಕುರಿತು ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಮಿಡ್ಲ್ ಸ್ಕೂಲು ಓದಿದವನಿಗೆ ಅರ್ಥಶಾಸ್ತ್ರವೇಕೆ ಎಂದು ಕೇಳಬೇಡಿರಿ. ಈ ನಿಯಮವನ್ನು ಬಡಿಸುವವನಷ್ಟು ಹತ್ತಿರದಿಂದ ಕಂಡವನು ಬೇರೊಬ್ಬನಿಲ್ಲ.

ಹಸಿದು ಬಂದ ಗಿರಾಕಿಗೆ ಮೊದಲನೆಯ ಇಡ್ಲಿ ಅಮೃತ. ನಾಲ್ಕನೆಯದಕ್ಕೆ ಕೈ ನಿಧಾನವಾಗುತ್ತದೆ. ಎಂಟನೆಯದನ್ನು ಪುಕ್ಕಟೆ ಕೊಟ್ಟರೂ ಕೈ ಅಡ್ಡ ಹಿಡಿಯುತ್ತಾನೆ. ಇಡ್ಲಿ ಕೆಟ್ಟಿಲ್ಲ, ಹಸಿವು ಇಳಿದಿದೆ. ಒಂದೇ ವಸ್ತುವನ್ನು ಬಿಡುವಿಲ್ಲದೆ ಬಳಸುತ್ತ ಹೋದಂತೆ ಒಟ್ಟು ತೃಪ್ತಿ ಏರುತ್ತದೆ, ಆದರೆ ಏರುವ ಮೆಟ್ಟಿಲು ಗಿಡ್ಡವಾಗುತ್ತ ಬಂದು ಕೊನೆಗೆ ಇಲ್ಲವಾಗುತ್ತದೆ. ಇದನ್ನು ಪಂಡಿತರು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಎನ್ನುತ್ತಾರೆ.

1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗಿನ ಬಾಳೆಲೆ ಊಟ ನಿಮಗೆಲ್ಲ ಗೊತ್ತು. ಒಂದೇ ದರಕ್ಕೆ ಬೇಕಾದಷ್ಟು ಬಡಿಸುವ ಊಟದ ಮನೆಗಳು ದಿವಾಳಿಯಾಗದಿರುವುದು ಈ ನಿಯಮದಿಂದಲೇ. ಸಾಕೆನ್ನುವವನು ಮಾಲಿಕನಲ್ಲ, ಉಣ್ಣುವವನ ಹೊಟ್ಟೆ.

ಈ ನಿಯಮವನ್ನು 1854ರಲ್ಲಿ ಪುಸ್ತಕವಾಗಿ ಬರೆದವನು ಜರ್ಮನ್ ನಾಡಿನ ಗೊಸೆನ್ ಎಂಬವನು. ಆಗ ಆ ಪುಸ್ತಕವನ್ನು ಕೊಳ್ಳುವವರೇ ಇರಲಿಲ್ಲ. ಅವನು ಇನ್ನೊಂದು ಮಾತನ್ನೂ ಹೇಳಿದ: ಜಾಣನು ತನ್ನ ಹಣವನ್ನು ಒಂದರ ಮೇಲೆಯೇ ಸುರಿಯುವುದಿಲ್ಲ, ಎಲ್ಲಿ ಕೊರತೆ ಹೆಚ್ಚೋ ಅಲ್ಲಿಗೆ ಮುಂದಿನ ಕಾಸನ್ನು ತಿರುಗಿಸುತ್ತಾನೆ.

ಈಗ ನಮ್ಮ ವಿಷಯಕ್ಕೆ ಬರೋಣ. ಸಂಬಳ ಹೆಚ್ಚಿಸಿರೆಂದರೆ ಕೆಲವು ಮಾಲಿಕರು, "ಎರಡು ಹೊತ್ತು ಊಟ, ತಿಂಡಿ, ಚಹಾ ಕೊಡುತ್ತಿಲ್ಲವೇ?" ಎನ್ನುತ್ತಾರೆ. ನಾನು ದುಡಿದ ಒಂದು ಹೋಟೆಲಿನಲ್ಲಿಯೂ ಇದೇ ಉತ್ತರ ಸಿಕ್ಕಿತ್ತು. ಊರಿನಿಂದ ಬರಿಗೈಯಲ್ಲಿ ಬಂದಿಳಿದ ಹುಡುಗನಿಗೆ ಮೊದಲ ದಿನದ ಆ ಊಟ ದೊಡ್ಡ ಉಪಕಾರ. ಅದನ್ನು ನಾವು ಮರೆಯಬೇಕಾಗಿಲ್ಲ. ಆದರೆ ಹೊಟ್ಟೆ ತುಂಬಿದ ಮೇಲೆ ಅದೇ ಅಡಿಗೆಮನೆಯ ಇನ್ನೊಂದು ದೋಸೆ ಅವನಿಗೆ ಏನೂ ಅಲ್ಲ. ಅವನ ಕೊರತೆ ಬೇರೆ ಕಡೆ ಇದೆ: ಕುಂದಾಪುರದಲ್ಲಿ ತಾಯಿಯ ಔಷಧಿ, ತಂಗಿಯ ಶಾಲೆ, ಸೋರುವ ಮಾಡು. ದೋಸೆಯನ್ನು ಊರಿಗೆ ಕಳಿಸಲು ಬರುವುದಿಲ್ಲ, ರೂಪಾಯಿಯನ್ನು ಕಳಿಸಬಹುದು.

ಗಿರಣಗಾಂವಿನ ಗಿರಣಿ ಕಾರ್ಮಿಕರನ್ನು ನೆನೆಯಿರಿ. ಅವರಲ್ಲಿ ಎಷ್ಟೋ ಮಂದಿ ಸಂಬಳವನ್ನು ನಗದಾಗಿ ಪಡೆದು, ಖಾನಾವಳಿಯ ತಾಯಂದಿರಿಗೆ ತಿಂಗಳ ಊಟದ ಹಣ ಕೊಟ್ಟು ಉಣ್ಣುತ್ತಿದ್ದರು. ಊಟ ಸೇರದಿದ್ದರೆ ಬೇರೆ ಖಾನಾವಳಿ ಹುಡುಕಬಹುದಿತ್ತು. ಉಳಿದ ಹಣ ಎಲ್ಲಿಗೆ ಹೋಗಬೇಕೆಂಬುದು ಅವರದೇ ತೀರ್ಮಾನವಾಗಿತ್ತು. ಊಟವನ್ನೇ ಕೂಲಿಯೆಂದು ಎಣಿಸಿದಾಗ ಕಳೆದುಹೋಗುವುದು ಆ ತೀರ್ಮಾನ.

ಇದು ನಮ್ಮೊಬ್ಬರ ಹಟವಲ್ಲ. ಕೂಲಿಯ ಬದಲು ಸಾಮಾನು ಕೊಡುವುದನ್ನು ಇಂಗ್ಲೆಂಡು ಅನೇಕ ಉದ್ಯಮಗಳಲ್ಲಿ 1831ರ ಕಾನೂನಿನಿಂದ ತಡೆಯಿತು. ನಮ್ಮ ದೇಶದ 1948ರ ಕನಿಷ್ಠ ವೇತನ ಕಾಯಿದೆಯೂ ಕನಿಷ್ಠ ಕೂಲಿ ನಗದಾಗಿ ಸಲ್ಲಬೇಕೆಂಬುದನ್ನೇ ಸಾಮಾನ್ಯ ನಿಯಮವಾಗಿ ಇಟ್ಟಿತು.

ಆದುದರಿಂದ ಬಂಧುಗಳೇ, ಸಂಬಳದ ಮಾತುಕತೆಗೆ ಕುಳಿತಾಗ ಊಟದ ಲೆಕ್ಕವನ್ನು ಬೇರೆ ಬರೆಸಿರಿ, ನಗದಿನ ಲೆಕ್ಕವನ್ನು ಬೇರೆ ಬರೆಸಿರಿ. ಊಟಕ್ಕೆ ಬೆಲೆ ಕಟ್ಟುವುದಾದರೆ ಅದನ್ನು ಉಣ್ಣುವವನನ್ನೂ ಕೇಳಬೇಕೆಂದು ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿರಿ. ಒಬ್ಬೊಬ್ಬರಾಗಿ ಹೇಳಿದರೆ ಅದು ದೂರಾಗುತ್ತದೆ, ಎಲ್ಲರೂ ಕೂಡಿ ಹೇಳಿದರೆ ಬೇಡಿಕೆಯಾಗುತ್ತದೆ.