ಝಂಡಾ ಕೆಂಪು, ಬಟನ್ ಬೇರೆ



ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳು. ಈ ಊರುಗಳ ತಹಶೀಲ್ದಾರ್ ಕಚೇರಿ ಮುಂದೆ ಆಗಾಗ ಕೆಂಪು ಬಾವುಟ ಕಾಣುತ್ತೆ. ಅಂಗನವಾಡಿ ಅಕ್ಕಂದಿರು, ಬಿಸಿಯೂಟ ಮಾಡುವ ತಾಯಂದಿರು, ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಕೂತು ಘೋಷಣೆ ಕೂಗ್ತಾರೆ. ಸಾಹೇಬರ ಕೈಗೆ ಮನವಿ ಪತ್ರ ಕೊಟ್ಟು ಸಂಜೆ ಬಸ್ಸು ಹಿಡಿದು ಊರು ಸೇರ್ತಾರೆ.

ಆದರೆ ಮತ ಎಣಿಕೆ ದಿನ ಏನಾಗುತ್ತೆ? ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಕ್ಷೇತ್ರಗಳ ಫಲಿತಾಂಶ ಓದುವಾಗ ನನ್ನ ಬಾಯಲ್ಲಿ ಕಾಂಗ್ರೆಸ್ ಬರುತ್ತೆ, ಬಿಜೆಪಿ ಬರುತ್ತೆ. ಆ ಕೆಂಪು ಬಾವುಟದ ಪಕ್ಷದ ಹೆಸರು ಬರೋದೇ ಇಲ್ಲ. ಬೀದಿಯಲ್ಲಿ ಇದ್ದದ್ದು ಪೆಟ್ಟಿಗೆಯಲ್ಲಿ ಯಾಕೆ ಇಲ್ಲ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಲೆಕ್ಕ ನೋಡಿ. 1925ರ ಡಿಸೆಂಬರ್ 26, ಕಾನ್ಪುರ. ಭಾರತ ಕಮ್ಯುನಿಸ್ಟ್ ಪಕ್ಷ, ಅಂದರೆ ಸಿಪಿಐ, ತನ್ನ ಹುಟ್ಟುಹಬ್ಬ ಅಂತ ಲೆಕ್ಕ ಹಿಡಿಯೋದು ಈ ದಿನವನ್ನ. ಸ್ವತಂತ್ರ ಭಾರತದ ಮೊದಲ ಲೋಕಸಭೆಯಲ್ಲಿ ಕಾಂಗ್ರೆಸ್ ಎದುರು ಕೂತ ದೊಡ್ಡ ಪಕ್ಷ ಯಾವುದು? ಇದೇ ಸಿಪಿಐ, 16 ಸ್ಥಾನ. 1964ರಲ್ಲಿ ಪಕ್ಷ ಒಡೆದು ಸಿಪಿಎಂ ಹುಟ್ಟಿತು. 2004ರಲ್ಲಿ ಸಿಪಿಎಂಗೆ 43, ಸಿಪಿಐಗೆ 10 ಸ್ಥಾನ. ದಿಲ್ಲಿ ಸರ್ಕಾರವನ್ನೇ ಹೊರಗಿನಿಂದ ಎತ್ತಿ ಹಿಡಿದಿದ್ದರು. 2024ಕ್ಕೆ ಬನ್ನಿ. ಸಿಪಿಎಂಗೆ 4, ಸಿಪಿಐಗೆ 2. ಬಂಗಾಳದಲ್ಲಿ 34 ವರ್ಷ ಆಳಿದ ಎಡರಂಗಕ್ಕೆ 2021ರ ವಿಧಾನಸಭೆಯಲ್ಲಿ ಸಿಕ್ಕಿದ್ದು ಸೊನ್ನೆ. 2023ರ ಏಪ್ರಿಲ್‌ನಲ್ಲಿ ಸಿಪಿಐ ತನ್ನ ರಾಷ್ಟ್ರೀಯ ಪಕ್ಷದ ಮಾನ್ಯತೆಯನ್ನೂ ಕಳಕೊಂಡಿತು.

ನಮ್ಮ ಕರ್ನಾಟಕದಲ್ಲಿ ಇವರು ಯಾವತ್ತೂ ಗೆದ್ದೇ ಇಲ್ವಾ? ಗೆದ್ದಿದ್ದಾರೆ ಸ್ವಾಮಿ. ಹಾವೇರಿ ಜಿಲ್ಲೆಯ ಗಡಿ ದಾಟಿದರೆ ದಾವಣಗೆರೆ. ಹತ್ತಿ ಗಿರಣಿಗಳ ಊರು. ಅಲ್ಲಿ ಸಿಪಿಐನ ಪಂಪಾಪತಿ 1978, 1983, 1985, ಸಾಲಾಗಿ ಮೂರು ಸಲ ಶಾಸಕರಾದರು. ಗಿರಣಿಯ ಸೈರನ್ ಕೂಗುವ ತನಕ ಬಾವುಟಕ್ಕೆ ಬಲ ಇತ್ತು. ಗಿರಣಿ ಮುಚ್ಚಿದವು, ಒಂದೇ ಗೇಟಿನಿಂದ ಹೊರಬರುತ್ತಿದ್ದ ಸಾವಿರಾರು ಜನ ಚದುರಿ ಹೋದರು. ಗೇಟ್ ಮೀಟಿಂಗ್ ಮಾಡಬೇಕಂದ್ರೆ ಮೊದಲು ಗೇಟ್ ಬೇಕಲ್ವಾ?

ಹಾನಗಲ್, ಹಿರೇಕೆರೂರಿನ ಕಥೆ ಬೇರೆ. ಇಲ್ಲಿ ಗಿರಣಿ ಇಲ್ಲ, ಹೊಲ ಇದೆ. ಭತ್ತ, ಗೋವಿನಜೋಳ, ಹತ್ತಿ. ಪಕ್ಕದ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಎದ್ದು ನಿಂತರು. ಆದರೆ ಅವರ ಬೆನ್ನಿಗೆ ನಿಂತವರು ಕಮ್ಯುನಿಸ್ಟರಲ್ಲ, ಸಮಾಜವಾದಿಗಳು. ಆಮೇಲೆ 1974ರಲ್ಲಿ ದೇವರಾಜ ಅರಸರು ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದರು. ಗೇಣಿದಾರ ಫಾರಂ ನಂಬರ್ 7 ತುಂಬಿದ, ಭೂ ನ್ಯಾಯಮಂಡಳಿ ಮುಂದೆ ನಿಂತ, ಪಹಣಿಯಲ್ಲಿ ತನ್ನ ಹೆಸರು ನೋಡಿದ. "ಉಳುವವನೇ ಹೊಲದೊಡೆಯ" ಅಂತ ದಶಕಗಳ ಕಾಲ ಕೂಗಿದವರು ಒಬ್ಬರು, ಸಹಿ ಹಾಕಿದ್ದು ಇನ್ನೊಬ್ಬರು. ಪುಣ್ಯ ಯಾರ ಖಾತೆಗೆ ಹೋಯ್ತು? ಸಹಿ ಹಾಕಿದವರ ಖಾತೆಗೆ.

ಅಲ್ಲಿಗೆ ಮುಗೀಲಿಲ್ಲ. ಹೊಲದ ಒಡೆಯನಾದವನ ತಲೆನೋವು ಬದಲಾಯ್ತು. ಈಗ ಅವನಿಗೆ ಜಮೀನ್ದಾರನ ಕಾಟ ಇಲ್ಲ. ಗೊಬ್ಬರದ, ಕರೆಂಟಿನ, ಬೆಲೆಯ, ಸಾಲದ ಕಾಟ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗುಂಡು ಹಾರಿತು. ಆ ಸಿಟ್ಟಿನಿಂದ ಎದ್ದು ಬಂದದ್ದು ರೈತ ಸಂಘ, ಹೆಗಲ ಮೇಲೆ ಬಂದದ್ದು ಹಸಿರು ಶಾಲು. 2008ರ ಜೂನ್ 10ರಂದು ಹಾವೇರಿಯಲ್ಲೇ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು. ಆಗಲೂ ಜಿಲ್ಲೆಯ ದುಃಖಕ್ಕೆ, ಕೋಪಕ್ಕೆ ಬಣ್ಣ ಅಂತ ಇದ್ದರೆ ಅದು ಹಸಿರು. ಕೆಂಪು ಅಲ್ಲ.

ಹಾಗಂತ ಈ ಮಣ್ಣಿಗೆ ಎಡಪಂಥದ ಗಾಳಿ ಬೀಸಲೇ ಇಲ್ಲ ಅಂತೀರಾ? ತಪ್ಪು. ಈ ಸೀಮೆಯ ಕಾರಡಗಿಯಲ್ಲಿ ಹುಟ್ಟಿದ ಎಸ್.ಆರ್. ಬೊಮ್ಮಾಯಿ ಯಾರ ಅನುಯಾಯಿ ಗೊತ್ತಾ? ಎಂ.ಎನ್. ರಾಯ್ ಅವರ ಅನುಯಾಯಿ. 1920ರಲ್ಲಿ ತಾಷ್ಕೆಂಟಿನಲ್ಲಿ ಕೂತು ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದ ಅದೇ ರಾಯ್. ಮುಂದೆ ಕಮ್ಯುನಿಸಂ ಬಿಟ್ಟು ಮಾನವತಾವಾದಿಯಾದವರು. ಬೊಮ್ಮಾಯಿ ಜನತಾ ಪರಿವಾರದಲ್ಲಿ ಬೆಳೆದು ಮುಖ್ಯಮಂತ್ರಿಯಾದರು. 1989ರಲ್ಲಿ ಕೇಂದ್ರ ಅವರ ಸರ್ಕಾರವನ್ನ 356ನೇ ವಿಧಿ ಬಳಸಿ ವಜಾ ಮಾಡಿತು. ಅದೇ 356ರಿಂದ 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರವನ್ನ ಕಿತ್ತು ಹಾಕಿದ್ದರು. ಆ ಅಸ್ತ್ರಕ್ಕೆ ಸುಪ್ರೀಂ ಕೋರ್ಟಿನಲ್ಲಿ ಮೂಗುದಾರ ಹಾಕಿಸಿದ್ದು 1994ರ ಬೊಮ್ಮಾಯಿ ತೀರ್ಪು. ಅವರ ಮಗ ಬಸವರಾಜ ಬೊಮ್ಮಾಯಿ ಬಿಜೆಪಿಯಿಂದ ಮುಖ್ಯಮಂತ್ರಿಯಾಗಿದ್ದರು. ಮೊಮ್ಮಗ ಭರತ್, 2024ರ ಶಿಗ್ಗಾಂವಿ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿ. ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಎದುರು ಸೋತರು. ಒಂದೇ ಮನೆಯ ಮೂರು ತಲೆಮಾರು. ವಿಚಾರ ಬಂದಿತ್ತು, ಓಡಾಡಿತ್ತು. ಆದರೆ ಅದಕ್ಕೆ ಊರಲ್ಲಿ ಮನೆ ಕಟ್ಟಿಕೊಡುವ ಪಕ್ಷ ಬೆಳೀಲಿಲ್ಲ.

ಯಾಕೆ ಬೆಳೀಲಿಲ್ಲ? ಕಾಮ್ರೇಡುಗಳು ವರ್ಗದ ಮಾತಾಡಿದರು, ಊರು ಜಾತಿಯ ಲೆಕ್ಕ ಹಾಕುತ್ತಿತ್ತು. ಕಾಯಕ, ದಾಸೋಹ ಅನ್ನುವ ಮಾತು ಒಂಬತ್ತು ನೂರು ವರ್ಷದಿಂದ ಬಾಯಲ್ಲಿರುವ ನಾಡಿಗೆ ಬಂದು ಮಾಸ್ಕೋ ಸರಿಯೋ ಪೆಕಿಂಗ್ ಸರಿಯೋ ಅಂತ ತಮ್ಮೊಳಗೇ ಜಗಳ ಆಡಿದರು. ಆ ಜಗಳದ ಫಲ ಇವತ್ತಿಗೂ ನೋಡಿ. ಕಾರ್ಮಿಕ ಸಂಘಗಳಲ್ಲಿ ಸಿಪಿಐ ಕಡೆಯದು ಎಐಟಿಯುಸಿ, ಸಿಪಿಎಂ ಕಡೆಯದು ಸಿಐಟಿಯು, ಎಸ್‌ಯುಸಿಐ ಕಡೆಯದು ಎಐಯುಟಿಯುಸಿ. ಕೆಲಸ ಒಂದೇ, ಬೇಡಿಕೆ ಒಂದೇ, ಬಣ್ಣ ಒಂದೇ. ಬ್ಯಾನರ್ ಮಾತ್ರ ಮೂರು!

ಇನ್ನೊಂದು, ವಯಸ್ಸು. 2022ರಲ್ಲಿ ಸಿಪಿಎಂ ತನ್ನ ಕೇಂದ್ರ ಸಮಿತಿಗೆ 75 ವರ್ಷದ ಮಿತಿ ಹಾಕಿತು. 2025ರಲ್ಲಿ ಪ್ರಕಾಶ್ ಕಾರಟ್, ಬೃಂದಾ ಕಾರಟ್ ಪಾಲಿಟ್‌ಬ್ಯೂರೊದಿಂದ ಇಳಿದರು. ಸಿಪಿಐ ಕೂಡ ಅದೇ ಮಿತಿ ಹಾಕಿತು, ಆದರೆ 2025ರ ಚಂಡೀಗಢ ಅಧಿವೇಶನದಲ್ಲಿ 75 ದಾಟಿದ ಡಿ. ರಾಜಾ ಅವರಿಗೆ ವಿನಾಯಿತಿ ಕೊಟ್ಟು ಅವರನ್ನೇ ಮತ್ತೆ ಪ್ರಧಾನ ಕಾರ್ಯದರ್ಶಿ ಮಾಡಿತು. ಹಿರಿಯರಿಗೆ ಗೌರವ ಇರಲಿ. ಆದರೆ 75ಕ್ಕೆ ಗೆರೆ ಎಳೆಯಬೇಕಾಗಿ ಬಂತು ಅನ್ನೋದೇ ಒಂದು ಕಥೆ ಹೇಳುತ್ತೆ, ಅಲ್ವಾ?

ಶಿಗ್ಗಾಂವಿ ಉಪಚುನಾವಣೆ ಹೊತ್ತಲ್ಲಿ ಸವಣೂರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಮಾತಿಗೆ ಸಿಕ್ಕರು. "ಅಕ್ಕಾರ, ಧರಣಿಗೆ ಕೆಂಪು ಝಂಡಾ ಹಿಡೀತೀರಿ, ವೋಟು ಯಾಕ ಆ ಕಡೆ ಬೀಳೂದಿಲ್ಲ?" ಅಂತ ಕೇಳಿದೆ. ಅವರು ನಕ್ಕರು. "ಅಣ್ಣಾರ, ಪಗಾರ ಕೇಳಾಕ ಅವರs ಬೇಕ್ರಿ. ಬ್ಯಾರೆ ಯಾರೂ ನಮ್ಮ ಕೂಡ ಬಿಸಲಾಗ ಕೂಡ್ರೂದಿಲ್ಲ. ಆದ್ರ ವೋಟಿನ ದಿನ ಮಷೀನಿನ್ಯಾಗ ಅವರ ಗುರುತs ಇರೂದಿಲ್ಲಲ್ರೀ. ಇದ್ರೂ ಗೆಲ್ಲಾಂಗಿಲ್ಲ. ಗೆಲ್ಲದವರ ಕಡಿಂದ ರಸ್ತಾ ಹ್ಯಾಂಗ ಬರತೈತಿ?"

ಇಡೀ ರಾಜಕೀಯ ಶಾಸ್ತ್ರ ಆ ನಾಲ್ಕು ಮಾತಿನಲ್ಲಿದೆ. ಸಂಬಳಕ್ಕೆ ಒಬ್ಬರು, ರಸ್ತೆಗೆ ಇನ್ನೊಬ್ಬರು. ಬದುಕೋಕೆ ಅವರು ಮಾಡಿಕೊಂಡ ಲೆಕ್ಕ ಇದು. ನಾನು ಅವರನ್ನ ದೂರಲ್ಲ.

ನನ್ನ ಚಿಂತೆ ಬೇರೆ. ಅಂಗನವಾಡಿ ಯೋಜನೆ ಶುರುವಾಗಿದ್ದು 1975ರಲ್ಲಿ. ಅಂಗನವಾಡಿ ಕಾರ್ಯಕರ್ತೆಗೂ ಗ್ರಾಚ್ಯುಟಿ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಅಷ್ಟು ವರ್ಷ ಅವರ ದುಡಿಮೆಗೆ ಸಂಬಳ ಅಂತ ಹೆಸರೂ ಇರಲಿಲ್ಲ, ಗೌರವಧನ! 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಮೇಲೆ ಸರ್ಕಾರ ತಿಂಗಳಿಗೆ 10,000 ರೂಪಾಯಿಯ ಭರವಸೆ ಕೊಟ್ಟಿತು. ಶಾಮಿಯಾನ ಹಾಕಿಸಿ, ಲೆಕ್ಕ ಬರೆದು, ಅಧಿಕಾರಿಗಳ ಎದುರು ಕಾನೂನು ಓದಿ ಹೇಳಿದವರು ಈ ಸೋತ ಪಕ್ಷಗಳ ಸಂಘದವರೇ. ಆ ಜನಕ್ಕೆ ವಯಸ್ಸಾಗ್ತಿದೆ. ಅವರ ಕಚೇರಿಗೆ ಬೀಗ ಬಿದ್ದರೆ ನಾಳೆ ಆ ಶಾಮಿಯಾನ ಹಾಕೋರು ಯಾರು? ಗೆಲ್ಲುವ ಪಕ್ಷಗಳಾ? ಗೆದ್ದವರು ಮನವಿ ಪತ್ರ ತಗೋತಾರೆ, ಬರೆದುಕೊಡಲ್ಲ.

ಆದ್ದರಿಂದ ಕಾಮ್ರೇಡುಗಳಿಗೆ ನನ್ನದೊಂದು ಮಾತು. ನಿಮ್ಮ ಮುಂದೆ ಧರಣಿ ಕೂತ ಆ ಹೆಣ್ಣುಮಕ್ಕಳೇ ನಿಮ್ಮ ಪಕ್ಷ. ಅವರಿಗೆ ಘೋಷಣೆ ಹೇಳಿಕೊಟ್ಟದ್ದು ಸಾಕು, ಕುರ್ಚಿ ಬಿಟ್ಟುಕೊಡಿ. ಮೂರು ಬ್ಯಾನರ್ ಮಡಚಿ ಒಂದು ಮಾಡಿ. ವಿಧಾನಸಭೆ ದೂರದ ಮಾತು. ಗ್ರಾಮ ಪಂಚಾಯಿತಿಯಲ್ಲಿ ಒಂದು ವಾರ್ಡು ಗೆಲ್ಲಿಸಿ ತೋರಿಸಿ.

ಉಳಿದವರಿಗೂ ಒಂದು ಮಾತು. ಎಡಪಕ್ಷ ಮುಳುಗಿತು ಅಂತ ಚಪ್ಪಾಳೆ ತಟ್ಟೋದು ಸುಲಭ. ಅವರ ಸಿದ್ಧಾಂತ ನಿಮಗೆ ಒಪ್ಪಿಗೆ ಆಗದಿರಬಹುದು. ಆದರೆ ಹಿರೇಕೆರೂರಿನ ತಹಶೀಲ್ದಾರ್ ಕಚೇರಿ ಮುಂದೆ ಬಾವುಟ ಇಲ್ಲವಾದ ದಿನ, ಬೇಡಿಕೆಯೂ ಇಲ್ಲವಾಗುತ್ತೆ ಅಂದ್ಕೋಬೇಡಿ. ಕೇಳುವ ದನಿ ಮಾತ್ರ ಇಲ್ಲವಾಗುತ್ತೆ. ಯೋಚನೆ ಮಾಡಿ.