ಮರದ ಪೆನ್ನಿಗೆ ಬೆಲೆ ಕಟ್ಟುವ ಲೆಕ್ಕ

(ಕೈಕಸುಬಿನ ಹವ್ಯಾಸಿಗಳ ಕೂಟದಲ್ಲಿ ಕಾಸರಗೋಡಿನ ಕನ್ನಡ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬಿಡುವಿನ ವೇಳೆಯಲ್ಲಿ ಲೇತ್‌ನಲ್ಲಿ ಮರದ ಪೆನ್ನು ಕಡೆಯುವವರು ನಿಮ್ಮಲ್ಲಿ ಹಲವರಿದ್ದೀರಿ. ನೆಂಟರಿಷ್ಟರಿಗೆಲ್ಲ ಕೊಟ್ಟಾಯಿತು, ಇನ್ನು ಮಾರಿದರೇನು ಎಂದು ಕೇಳುತ್ತಿದ್ದೀರಿ. ಧಾರಾಳವಾಗಿ ಮಾರಿ. ಆದರೆ ಅದಕ್ಕೂ ಮೊದಲು ಒಂದು ಲೆಕ್ಕ ಮಾಡಿ.

ಶಾಲೆಯ ಲಾಭ-ನಷ್ಟದ ಲೆಕ್ಕದಲ್ಲಿ ಕೊಂಡ ಬೆಲೆಯನ್ನು ಪುಸ್ತಕವೇ ಕೊಟ್ಟಿರುತ್ತದೆ. ಕೈಯಾರೆ ಮಾಡಿದ ಪೆನ್ನಿನ ಅಸಲನ್ನು ನಾವೇ ಕಂಡುಹಿಡಿಯಬೇಕು. ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ಹಿತ್ತಾಳೆ ಕೊಳವೆ, ಕ್ಲಿಪ್ಪು, ರೀಫಿಲ್ಲು ಮುಂತಾದ ಬಿಡಿಭಾಗಗಳಿಗೆ 190 ರೂಪಾಯಿ, ಮರಕ್ಕೆ 20, ಅಂಟು, ಉಜ್ಜುಕಾಗದ, ಪಾಲಿಶಿಗೆ 40. ಒಟ್ಟು 250. ಇಲ್ಲಿಗೇ ನಿಲ್ಲಿಸಿ, ಮೇಲೆ ಐವತ್ತು ಸೇರಿಸಿ 300ಕ್ಕೆ ಕೊಟ್ಟುಬಿಟ್ಟರೆ ನಿಮ್ಮ ಒಂದೂವರೆ ಗಂಟೆಯ ದುಡಿಮೆ ಎಲ್ಲಿ ಹೋಯಿತು? ಗಂಟೆಗೆ 150ರಂತೆ ಅದು 225. ಅಲ್ಲಿಗೆ 475. ಬಿಡಿಭಾಗಗಳನ್ನು ಒತ್ತಿ ಕೂರಿಸುವಾಗ ಹತ್ತರಲ್ಲಿ ಒಂದು ಒಡೆದು ಪೂರ್ತಿ ನಷ್ಟವಾದರೆ, 4,750 ರೂಪಾಯಿಯನ್ನು ಉಳಿದ ಒಂಬತ್ತೇ ಹೊರಬೇಕು. ಒಂದಕ್ಕೆ ಸುಮಾರು 528. ಅಂಗಡಿಯವರು ಮಾರಿದ ಬೆಲೆಯಲ್ಲಿ ನೂರಕ್ಕೆ 25 ಹಿಡಿದುಕೊಂಡರೆ, 704ಕ್ಕೆ ಮಾರಿದಾಗ ನಿಮ್ಮ ಅಸಲು ಕೈಸೇರುತ್ತದೆ. ಲೇತ್‌ನ ಸವಕಳಿ, ಕರೆಂಟು, ಲಾಭ ಯಾವುದೂ ಇದರಲ್ಲಿ ಸೇರಿಲ್ಲ.

ಹವ್ಯಾಸಕ್ಕೆ ಕೂಲಿ ಯಾಕೆ ಎನ್ನಬೇಡಿ. ನಮ್ಮಲ್ಲಿ ಅನೇಕರಿಗೆ ತಿಂಗಳ ಸಂಬಳವಿದೆ. ಚನ್ನಪಟ್ಟಣದಲ್ಲಿ ಆಲೆಮರ ಕಡೆದು, ಅರಗಿನ ಬಣ್ಣ ಕೊಟ್ಟು ಹೊಟ್ಟೆ ಹೊರೆಯುವ ಕುಟುಂಬಗಳಿವೆ. ನಾವು 300ಕ್ಕೆ ಕೊಟ್ಟರೆ ಗಿರಾಕಿ ಅದನ್ನೇ ನ್ಯಾಯವಾದ ಬೆಲೆ ಎಂದು ತಿಳಿಯುತ್ತಾನೆ. ಕಸುಬನ್ನೇ ನಂಬಿದವನು ಆ ಬೆಲೆಗೆ ಮಾರಿ ಬದುಕಲಾರ. ಕೊಡುವುದಾದರೆ ಪುಕ್ಕಟೆ ಕೊಡಿ, ಮಾರುವುದಾದರೆ ಪೂರ್ತಿ ಬೆಲೆಗೆ ಮಾರಿ.

ಪೂರ್ತಿ ಬೆಲೆ ಕೇಳುವವರು ಪೂರ್ತಿ ಕೆಲಸವನ್ನೂ ಕೊಡಬೇಕು. ಮರ ಚೆನ್ನಾಗಿ ಒಣಗಿರಲಿ. ಹಸಿಮರ ಒಣಗುತ್ತ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ. ಕೊನೆಗೆ ಸೀಳುವುದು ಮರವೇ. ಊರಿನ ಅಂಗಡಿಯಲ್ಲಿ ರೀಫಿಲ್ಲು ಸಿಗುವ ಮಾದರಿಯನ್ನೇ ಆರಿಸಿ. ಹಲಸಿನ ಹಳದಿ ಬಣ್ಣ ಕಾಲ ಕಳೆದಂತೆ ಕಂದಾಗುತ್ತದೆಂದು ಗಿರಾಕಿಗೆ ಮೊದಲೇ ತಿಳಿಸಿ. ಬೀಟೆ, ಶ್ರೀಗಂಧದ ತುಂಡು ಎಲ್ಲಿಂದ ಬಂತೆಂಬ ದಾಖಲೆ ಇಲ್ಲದಿದ್ದರೆ ಮುಟ್ಟಲೇಬೇಡಿ.

ಗಡಿನಾಡಿನವರಾದ ನಮಗೆ ಇನ್ನೊಂದು ಮಾತು. ಇಲ್ಲಿಂದ ಮಂಗಳೂರಿನ ಅಂಗಡಿಗೆ ಪೆನ್ನು ಕಳಿಸಿ ಮಾರಿದರೆ ಅದು ಅಂತರರಾಜ್ಯ ಮಾರಾಟ. ವಹಿವಾಟು ಎಷ್ಟೇ ಚಿಕ್ಕದಿದ್ದರೂ ಅದಕ್ಕೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಸಾಮಾನ್ಯ ನಿಯಮ. ಅಧಿಸೂಚನೆಯ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ನಿಮ್ಮ ಪೆನ್ನು ಆ ಪಟ್ಟಿಗೆ ಸೇರುತ್ತದೆಯೇ ಎಂದು ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿಕೊಂಡೇ ಕಳಿಸಿ. ನನ್ನಂತೆ ನೌಕರಿಯಲ್ಲಿರುವವರು ಸೇವಾ ನಿಯಮಗಳನ್ನು ನೋಡಿ, ಬೇಕಾದ ಅನುಮತಿ ಪಡೆದೇ ವ್ಯಾಪಾರಕ್ಕೆ ಇಳಿಯಬೇಕು.

ಮುಂದಿನ ಹತ್ತು ಪೆನ್ನುಗಳಿಗೆ ಹಿಡಿದ ಹೊತ್ತು, ಆದ ಖರ್ಚು ಎರಡನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ನೀವು ಮಾಡಿದ ಪೆನ್ನಿನಿಂದಲೇ ಬರೆಯಿರಿ; ಅದು ಬರೆಯುವ ಬಗೆಯೂ ಗೊತ್ತಾಗುತ್ತದೆ. ಬೆಲೆಚೀಟಿ ಅಂಟಿಸುವುದು ಆಮೇಲೆ.