ಗೆದ್ದವನ ಬದುಕಿನಲ್ಲಿ ನಮಗಿರುವ ಪಾಠ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಒಮ್ಮೆ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದಾಗ ಅವರ ತರಗತಿಗೆ ಹೋಗಿದ್ದೆ. ಮೈಸೂರು ಯುದ್ಧಗಳ ಪಾಠ. ಒಬ್ಬ ಹುಡುಗನ ಪುಸ್ತಕದಲ್ಲಿ 'ವೆಲ್ಲೆಸ್ಲಿ' ಎಂಬ ಹೆಸರಿನ ಮೇಲೆ ಪೆನ್ನಿನಿಂದ ಗೀಚಿ ಗೀಚಿ ಹಾಳೆಯೇ ತೂತಾಗಿತ್ತು. ಏಕಪ್ಪಾ ಎಂದೆ. "ಸರ್, ಅವನು ಟಿಪ್ಪು ಸುಲ್ತಾನರನ್ನು ಕೊಂದವನು" ಎಂದ. "ಯಾವ ವೆಲ್ಲೆಸ್ಲಿ?" ಎಂದು ಕೇಳಿದೆ. ಹುಡುಗ ಸುಮ್ಮನಾದ. ನಿಜ ಹೇಳಬೇಕೆಂದರೆ ಆ ದಿನ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದವರನ್ನು ದ್ವೇಷಿಸುವುದು ಸುಲಭ. ಮನೆಗೆ ಹೋಗಿ ಓದಲು ಕುಳಿತೆ. ಓದಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಗ ಇಲ್ಲಿ ಮೂವರು ವೆಲ್ಲೆಸ್ಲಿ ಸಹೋದರರಿದ್ದರು. ಹಿರಿಯ ರಿಚರ್ಡ್ ಗವರ್ನರ್ ಜನರಲ್. ಸಹಾಯಕ ಸೈನ್ಯ ಪದ್ಧತಿಯನ್ನು ದೇಶದ ಉದ್ದಗಲಕ್ಕೂ ಹೇರಿದವನು. ಕಿರಿಯ ಹೆನ್ರಿ ಅವನ ಕಾರ್ಯದರ್ಶಿ. ಮಧ್ಯದವನು ಸೇನಾಧಿಕಾರಿ ಆರ್ಥರ್. ಮುಂದೆ ಪ್ರಪಂಚವೆಲ್ಲ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎಂದು ಕರೆದದ್ದು ಇವನನ್ನೇ. ನಾನು ಹೇಳಹೊರಟಿರುವುದು ಈ ಆರ್ಥರ್‌ನ ಬಗ್ಗೆ.

1769ರಲ್ಲಿ ಐರ್ಲೆಂಡಿನ ಒಂದು ಶ್ರೀಮಂತ ಪ್ರಭುಗಳ ಮನೆಯಲ್ಲಿ ಹುಟ್ಟಿದ. ತಂದೆ ಬೇಗ ತೀರಿಕೊಂಡರು. ಹೆಸರಾಂತ ಈಟನ್ ಶಾಲೆಯಲ್ಲಿ ಹಿಂದುಳಿದ ವಿದ್ಯಾರ್ಥಿ. ಇವನಿಂದ ಏನೂ ಆಗದು ಎಂದು ಹೆತ್ತ ತಾಯಿಯೇ ಕೈಚೆಲ್ಲಿದ್ದರು. ಆದರೆ 1797ರಲ್ಲಿ ಭಾರತಕ್ಕೆ ಬರುವಾಗ ಆತ ಒಂದು ಪೆಟ್ಟಿಗೆಯ ತುಂಬ ಪುಸ್ತಕ ತಂದ. ಅದರಲ್ಲಿ ಈ ದೇಶದ ಚರಿತ್ರೆಯಿತ್ತು. ಪಾರ್ಸಿ, ಅರಬ್ಬಿ ಭಾಷೆ ಕಲಿಯುವ ಪುಸ್ತಕಗಳೂ ಇದ್ದವು. ತಿಂಗಳುಗಟ್ಟಲೆ ಹಡಗಿನ ಪ್ರಯಾಣದಲ್ಲಿ ಅವನಿಗೆ ಓದುವುದೇ ಕೆಲಸ. ಶಾಲೆಯಲ್ಲಿ ಸೋತವನು ಶಾಲೆ ಬಿಟ್ಟ ಮೇಲೆ ವಿದ್ಯಾರ್ಥಿಯಾದ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋಯಿತೆಂದು ಓದು ಬಿಡಿಸಿ ಗ್ಯಾರೇಜಿಗೆ ಕಳಿಸುವ ತಂದೆತಾಯಿಯರು ಇದನ್ನು ಗಮನಿಸಬೇಕು.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆ ತೋಪಿನ ಮೇಲೆ ಆರ್ಥರ್ ದಾಳಿ ಮಾಡಿದ. ಕತ್ತಲು, ಕಾಲುವೆಗಳು, ಎದುರಿನಿಂದ ಟಿಪ್ಪುವಿನ ಸೈನಿಕರ ಗುಂಡು ಮತ್ತು ರಾಕೆಟ್ಟುಗಳು. ಅವನ ಪಡೆ ಚದುರಿಹೋಯಿತು. ತಾನೇ ಮೊಣಕಾಲಿಗೆ ಏಟು ತಿಂದು, ದಾರಿ ತಪ್ಪಿ ಹಿಂತಿರುಗಿದ. ಹಗಲಿನಲ್ಲಿ ನೋಡದ ನೆಲೆಯ ಮೇಲೆ ರಾತ್ರಿ ಎಂದೂ ದಾಳಿ ಮಾಡಬಾರದು ಎಂದು ಅಂದೇ ನಿಶ್ಚಯಿಸಿದ. ಮುಂದೆ 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಈ ಪಾಠ ಕಲಿತದ್ದು ನಮ್ಮ ಕಾವೇರಿ ದಡದಲ್ಲಿ, ಸೋಲಿನಿಂದ.

1799ರ ಮೇ 4ರಂದು ಕೋಟೆ ಬಿತ್ತು, ಸುಲ್ತಾನರು ಹುತಾತ್ಮರಾದರು. ಅಂದು ಆರ್ಥರ್ ಮುನ್ನುಗ್ಗಿದ ಪಡೆಯಲ್ಲಿರಲಿಲ್ಲ. ಹಿಂದೆ ಕಾದಿರಿಸಿದ ಪಡೆಯ ನಾಯಕನಾಗಿದ್ದ. ಆ ರಾತ್ರಿಯೆಲ್ಲ ಪಟ್ಟಣ ಲೂಟಿಯಾಯಿತು. ಪಟ್ಟಣದ ಅಧಿಕಾರ ಕೈಗೆ ಬಂದಾಗ ಆತ ಲೂಟಿಕೋರರನ್ನು ಗಲ್ಲಿಗೇರಿಸಿ ಜನರ ಜೀವ ಉಳಿಸಿದ. ಆದರೆ ಸುಲ್ತಾನರ ಮಕ್ಕಳನ್ನು ವೇಲೂರು ಕೋಟೆಗೆ ಸಾಗಿಸಲಾಯಿತು. ಅವರ ಗ್ರಂಥಭಂಡಾರದ ಸುಮಾರು ಎರಡು ಸಾವಿರ ಪುಸ್ತಕಗಳು ಕಲ್ಕತ್ತೆಗೂ ಲಂಡನ್ನಿಗೂ ಹೋದವು. ಇದನ್ನೂ ಮರೆಯಬಾರದು.

ಬಳಿಕ ರಾಜ್ಯವನ್ನು ಹಂಚಲು ನೇಮಿಸಿದ ಆಯೋಗದ ಐವರಲ್ಲಿ ಆರ್ಥರ್ ಒಬ್ಬ, ತಮ್ಮ ಹೆನ್ರಿ ಇನ್ನೊಬ್ಬ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಒಡೆಯರ ಮೈಸೂರಿಗೆ ಸೇರಿದ್ದು ಆಗಲೇ. ನೆರೆಯ ಅನಂತಪುರದ ಸೀಮೆ ನಿಜಾಮರ ಕೈ ದಾಟಿ 1800ರಲ್ಲಿ ಕಂಪನಿಗೆ ಹೋಯಿತು. ಪಾವಗಡದವರು ಯಾವ ಕಡೆ ಹೊರಟರೂ ಆಂಧ್ರದ ಗಡಿ ಸಿಗುತ್ತದಲ್ಲ, ಅದರ ಬೇರು ಆ ಕಾಲದ ಕಾಗದಗಳಲ್ಲಿದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಚನ್ನಗಿರಿಯ ಧೋಂಡಿಯಾ ವಾಘ್ ಸುಲ್ತಾನರ ಸೆರೆಯಲ್ಲಿದ್ದವನು. ಕೋಟೆ ಬಿದ್ದ ದಿನ ಬಿಡುಗಡೆಯಾಗಿ, ದಂಡು ಕಟ್ಟಿ ಕಂಪನಿಯ ವಿರುದ್ಧ ತಿರುಗಿಬಿದ್ದ. ಆರ್ಥರ್ ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಅವನನ್ನು ಕೊಂದ. ಯುದ್ಧ ಮುಗಿದ ಮೇಲೆ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಒಂದು ಗಂಡುಮಗು ಸಿಕ್ಕಿತು. ಅದು ಧೋಂಡಿಯಾನ ಮಗ, ಹೆಸರು ಸಲಾಬತ್ ಖಾನ್. ಸಾಕುಮಗನೆಂದೂ ಹೇಳುವುದುಂಟು. ಆರ್ಥರ್ ಆ ಮಗುವನ್ನು ತನ್ನ ಡೇರೆಗೆ ತರಿಸಿಕೊಂಡು ಸಾಕಿದ. 1805ರಲ್ಲಿ ದೇಶ ಬಿಟ್ಟು ಹೋಗುವಾಗ ಮಗುವಿನ ಪೋಷಣೆಗೆ ನೂರಾರು ಪೌಂಡು ಹಣವನ್ನು ಶ್ರೀರಂಗಪಟ್ಟಣದ ಅಧಿಕಾರಿಯ ಬಳಿ ಇಟ್ಟುಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿದ, 1822ರಲ್ಲಿ ಕಾಲರಾದಿಂದ ತೀರಿಕೊಂಡ.

ತಂದೆಯನ್ನು ಕೊಂದ ಕೈಯೇ ಮಗನಿಗೆ ಅನ್ನ ಹಾಕಿತು. ಇದರಿಂದ ಆ ಯುದ್ಧಗಳು ನ್ಯಾಯವಾಗುವುದಿಲ್ಲ. ಆದರೆ ಶತ್ರುವಿನ ಮಗು ಶತ್ರುವಲ್ಲ ಎಂಬುದನ್ನು ಆ ದಂಡನಾಯಕ ಅರಿತಿದ್ದ.

1803ರಲ್ಲಿ ಅಸ್ಸಾಯೆಯಲ್ಲಿ ಮರಾಠರನ್ನು ಗೆದ್ದ ಮೇಲೆ ಡಿಸೆಂಬರಿನಲ್ಲಿ ಭೋಂಸ್ಲೆ ಮತ್ತು ಸಿಂಧಿಯಾರೊಂದಿಗೆ ಆರ್ಥರ್ ತಾನೇ ಕುಳಿತು ಸಂಧಿ ಮಾಡಿಕೊಂಡ. ರಾಯಭಾರವನ್ನೂ ಅವನು ನಮ್ಮ ನೆಲದಲ್ಲೇ ಕಲಿತ. ಮುಂದೆ 1814ರಲ್ಲಿ ಪ್ಯಾರಿಸ್ಸಿನಲ್ಲಿ ರಾಯಭಾರಿಯಾದ, 1815ರಲ್ಲಿ ವಿಯೆನ್ನಾ ಸಮ್ಮೇಳನದಲ್ಲಿ ಬ್ರಿಟನ್ನಿನ ಪ್ರತಿನಿಧಿಯಾಗಿ ಕುಳಿತ, 1828ರಲ್ಲಿ ಪ್ರಧಾನಮಂತ್ರಿಯಾದ.

ಆ ಕಾಲದ ಬ್ರಿಟನ್ನಿನಲ್ಲಿ ಕ್ಯಾಥೊಲಿಕರು ಅಲ್ಪಸಂಖ್ಯಾತರು. ಅವರು ಚುನಾವಣೆ ಗೆದ್ದರೂ ತಮ್ಮ ಧರ್ಮವನ್ನು ನಿರಾಕರಿಸುವ ಪ್ರಮಾಣ ಮಾಡದೆ ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ಆರ್ಥರ್ ಬಹುಕಾಲ ಅವರ ಬೇಡಿಕೆಯನ್ನು ಒಪ್ಪದಿದ್ದವನು. 1828ರಲ್ಲಿ ಐರ್ಲೆಂಡಿನ ಡೇನಿಯಲ್ ಓ'ಕಾನೆಲ್ ಗೆದ್ದುಬಂದಾಗ, ಇನ್ನು ತಡೆದರೆ ಅಂತರ್ಯುದ್ಧವಾಗುತ್ತದೆಂದು ಕಂಡುಕೊಂಡು, ಸ್ವಂತ ಪಕ್ಷದವರ ವಿರೋಧದ ನಡುವೆಯೂ 1829ರಲ್ಲಿ ಕಾನೂನು ಬದಲಾಯಿಸಿದ. ಅದಕ್ಕಾಗಿ ಬೈದ ಒಬ್ಬ ಪ್ರಭುವಿನೊಡನೆ ಅರವತ್ತರ ಹೊಸ್ತಿಲಲ್ಲಿ ಪಿಸ್ತೂಲು ಹಿಡಿದು ದ್ವಂದ್ವಕ್ಕೂ ನಿಂತ. ಆದರೆ ಅದೇ ಹಕ್ಕನ್ನು ಯಹೂದಿಗಳು ಕೇಳಿದಾಗ ವಿರೋಧಿಸಿದ. ಸಾಮಾನ್ಯ ಜನರಿಗೆ ಮತದಾನ ವಿಸ್ತರಿಸುವುದನ್ನೂ ವಿರೋಧಿಸಿದ. ಅವನ ನ್ಯಾಯ ಅರ್ಧ ದಾರಿಯಲ್ಲೇ ನಿಂತಿತು. 1852ರಲ್ಲಿ ತೀರಿಕೊಂಡ.

ಈ ಕಥೆಯನ್ನೆಲ್ಲ ಹೇಳಿದ ಮೇಲೆ ಆ ಹುಡುಗ ಕೇಳಿದ: "ಸರ್, ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ?" ಪರೀಕ್ಷೆಯ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬರೆಯಬಹುದು, ಮನುಷ್ಯನ ಬದುಕಿಗೆ ಹಾಗೆ ಬರೆಯಲಾಗದು ಎಂದೆ. ಸುಲ್ತಾನರ ಮೇಲೆ ಅಭಿಮಾನವಿರಲಿ. ಆದರೆ ಪುಸ್ತಕ ಹರಿಯುವ ಅಭಿಮಾನ ಬೇಡ, ಪುಸ್ತಕ ಓದಿಸುವ ಅಭಿಮಾನ ಬೇಕು. ಎರಡು ಸಾವಿರ ಗ್ರಂಥಗಳನ್ನು ಕೂಡಿಟ್ಟ ದೊರೆಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ.

ಕೊನೆಗೆ ಒಂದು ವಿನಂತಿ. ನಿಮ್ಮ ಬೀದಿಯಲ್ಲಿ ತಂದೆಯಿಲ್ಲದ ಒಂದು ಮಗು ಇರಬಹುದು. ಆ ಮನೆಗೂ ನಿಮ್ಮ ಮನೆಗೂ ಜಮೀನಿನ ತಗಾದೆಯಿರಬಹುದು, ವರ್ಷಗಳಿಂದ ಮಾತಿಲ್ಲದಿರಬಹುದು. ಅದು ಬೇರೆ ಜಾತಿಯ, ಬೇರೆ ಧರ್ಮದ ಮನೆಯೂ ಆಗಿರಬಹುದು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಆ ಮಗುವಿನ ಪುಸ್ತಕ, ಬ್ಯಾಗಿನ ಖರ್ಚು ನೀವು ವಹಿಸಿಕೊಳ್ಳಿ. ದೇಶ ಗೆಲ್ಲಲು ಬಂದ ಪರದೇಶಿಯೊಬ್ಬ ಮಾಡಿದ್ದನ್ನು, ಇಲ್ಲೇ ಹುಟ್ಟಿ ಬೆಳೆದ ನಾವು ಮಾಡಲಾರೆವೇ?